ಎಲ್ಲರೂ ಎದ್ದು ಹೋದ ಮೇಲೆ ಲೈಟ್ ಆರಿಸುವವರು ಯಾರು?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಹಬ್ಬಿದ ಹಾಗೆ ಓದುಕೋಣೆಗಳೂ ಹಬ್ಬಿವೆ. ತಿಂಗಳಿಗಿಷ್ಟು ಕೊಟ್ಟರೆ ಒಂದು ಮೇಜು, ಒಂದು ಕುರ್ಚಿ, ತಲೆಯ ಮೇಲೆ ಫ್ಯಾನ್. ಮಧ್ಯಾಹ್ನ ಹುಡುಗರೆಲ್ಲ ಮೆಸ್‌ಗೆ ಹೋದಾಗ ಒಳಗೆ ಇಣುಕಿ ನೋಡಿ. ಕುರ್ಚಿಗಳು ಖಾಲಿ, ಲೈಟ್ ಉರಿಯುತ್ತಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ. ‘ಯಾರೂ ಇಲ್ದಾಗ ಆರಸ್ರಿ’ ಎಂದು ಗೋಡೆಗೆ ಚೀಟಿ ಅಂಟಿಸಿದರೂ ಪ್ರಯೋಜನವಿಲ್ಲ. ಕೊನೆಗೆ ಎದ್ದು ಹೋದವನಿಗೆ ತಾನೇ ಕೊನೆಯವನು ಎಂಬುದು ಗೊತ್ತಿರುವುದಿಲ್ಲ, ಅಲ್ವಾ?

ಈ ಕೆಲಸವನ್ನು ಸೆನ್ಸರ್‌ಗೆ ಒಪ್ಪಿಸಬಹುದು. ಕೋಣೆಯಲ್ಲಿ ಜನ ಇದ್ದಾರೋ ಇಲ್ಲವೋ ನೋಡಿ ಲೈಟ್, ಫ್ಯಾನ್, ಎಸಿಯನ್ನು ತಾನೇ ಹಚ್ಚಿ ಆರಿಸುವ ಪುಟ್ಟ ಸಾಧನ ಅದು. ಆದರೆ ಓದುಕೋಣೆಯೇ ಸೆನ್ಸರ್‌ಗೆ ಎಲ್ಲಕ್ಕಿಂತ ಕಷ್ಟದ ಜಾಗ. ಓದುವವರು ಅಲ್ಲಾಡುವುದಿಲ್ಲ. ಅಗ್ಗದ್ದು ಅಂತ ಯಾವುದೋ ಒಂದನ್ನು ತಂದು ಹಾಕಿದರೆ ಹತ್ತು ನಿಮಿಷಕ್ಕೊಮ್ಮೆ ಕತ್ತಲಾಗುತ್ತದೆ, ಎಲ್ಲರೂ ತಲೆಯೆತ್ತಿ ಕೈ ಬೀಸುತ್ತಾರೆ. ಹಾಗಾಗಿ ಇಲ್ಲಿ ಓದುಕೋಣೆಯನ್ನೇ ಉದಾಹರಣೆಗೆ ಹಿಡಿಯೋಣ. ಇದು ಸರಿಹೋದರೆ ಹಾಸ್ಟೆಲ್ಲಿನ ಪಡಸಾಲೆ, ಆಫೀಸು, ಕ್ಲಿನಿಕ್ ಎಲ್ಲ ಸುಲಭ.

ಮೊದಲು ನೋಟ್‌ಬುಕ್, ಆಮೇಲೆ ಅಂಗಡಿ

ಸೆನ್ಸರ್ ಕೊಳ್ಳುವ ಮೊದಲು ಒಂದು ವಾರ ಕಟ್ಟಡವನ್ನು ಸುತ್ತಿ. ಯಾವ ಕೋಣೆ ಎಷ್ಟು ಹೊತ್ತು ಖಾಲಿ ಇತ್ತು, ಆಗ ಏನೇನು ಉರಿಯುತ್ತಿತ್ತು ಎಂದು ಬರೆದಿಡಿ. ಜನ ಅಲ್ಲಿ ನಡೆಯುತ್ತಾರಾ, ಕೂರುತ್ತಾರಾ, ಮಲಗುತ್ತಾರಾ ಎಂಬುದನ್ನೂ ಬರೆಯಿರಿ. ಯಾವ ಸೆನ್ಸರ್ ಬೇಕು ಎನ್ನುವುದನ್ನು ಅಂಗಡಿಯವರಿಗಿಂತ ಈ ಕೊನೆಯ ಸಾಲು ಚೆನ್ನಾಗಿ ಹೇಳುತ್ತದೆ.

ಈಗ ಲೆಕ್ಕ. 75 ವ್ಯಾಟ್‌ನ 12 ಹಳೇ ಫ್ಯಾನು, 20 ವ್ಯಾಟ್‌ನ 20 ಎಲ್‌ಇಡಿ ಟ್ಯೂಬು ಇರುವ ಕೋಣೆ ಅಂದುಕೊಳ್ಳಿ. ಒಟ್ಟು 1300 ವ್ಯಾಟ್. ದಿನಕ್ಕೆ 3 ಗಂಟೆ ಸುಮ್ನೆ ಉರಿದರೆ 3.9 ಯೂನಿಟ್, ತಿಂಗಳಿಗೆ 117 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೆ 936 ರೂಪಾಯಿ. ನಿಮ್ಮ ನಿಜವಾದ ದರ ಹೆಸ್ಕಾಂ ಬಿಲ್ಲಿನಲ್ಲೇ ಇದೆ, ಅದನ್ನು ಹಾಕಿಕೊಳ್ಳಿ. ಇಂಥ ಕಡೆ ಸೆನ್ಸರ್‌ನ ದುಡ್ಡು ಬೇಗ ವಾಪಸ್ ಬರುತ್ತದೆ.

ಅದೇ ಬಾತ್‌ರೂಮಿನ 9 ವ್ಯಾಟ್ ಬಲ್ಬು ದಿನಕ್ಕೆ 10 ಗಂಟೆ ವ್ಯರ್ಥವಾಗಿ ಉರಿದರೂ ತಿಂಗಳಿಗೆ 22 ರೂಪಾಯಿ ಅಷ್ಟೇ. ಸೆನ್ಸರ್ ತಾನೂ ಹಗಲೂ ರಾತ್ರಿ ಅರ್ಧ ವ್ಯಾಟಿನಷ್ಟು ಕರೆಂಟ್ ಕುಡಿಯುತ್ತದೆ. ಅಲ್ಲಿ ಅನುಕೂಲಕ್ಕೆ ಹಾಕಿಕೊಳ್ಳಿ, ಉಳಿತಾಯಕ್ಕಲ್ಲ.

ಇನ್ನೊಂದು ಮಾತು, ಸೆನ್ಸರ್ ಮಾರುವವರು ಇದನ್ನು ಹೇಳುವುದಿಲ್ಲ. ಆ 12 ಫ್ಯಾನುಗಳನ್ನು 30 ವ್ಯಾಟ್‌ನ ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟ್ ಎಳೆಯುವ ಮೋಟರಿನ ಫ್ಯಾನಿಗೆ ಬದಲಿಸಿದರೆ, ದಿನಕ್ಕೆ 12 ಗಂಟೆ ಓಡಿದರೂ ಸುಮಾರು 6.5 ಯೂನಿಟ್ ಉಳಿಯುತ್ತದೆ. ಸೆನ್ಸರ್ ಉಳಿಸುವುದಕ್ಕಿಂತ ಇದೇ ಜಾಸ್ತಿ. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಮೊದಲು ಫ್ಯಾನ್ ಬದಲಿಸಿ ಅಂತಲೇ ನಾನು ಹೇಳುವುದು.

ಯಾವ ಕೋಣೆಗೆ ಯಾವುದು?

ಹುಬ್ಬಳ್ಳಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ‘ಸೆನ್ಸರ್ ಕೊಡ್ರಿ’ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಪಿಐಆರ್. ಬೆಲೆ ಕೆಲವು ನೂರು ರೂಪಾಯಿ. ನಮ್ಮ ಮೈಯ ಶಾಖ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಕಿರಣವಾಗಿ ಹೊರಬರುತ್ತಿರುತ್ತದೆ. ಪಿಐಆರ್ ತಾನು ಏನನ್ನೂ ಕಳಿಸುವುದಿಲ್ಲ, ಈ ಕಿರಣವನ್ನು ನೋಡುತ್ತದೆ ಅಷ್ಟೇ. ಮೇಲಿನ ಬಿಳಿ ಉಬ್ಬು ಲೆನ್ಸು ಕೋಣೆಯನ್ನು ಹಲವು ಹೋಳುಗಳಾಗಿ ಸೀಳುತ್ತದೆ. ಒಂದು ಹೋಳಿನಿಂದ ಇನ್ನೊಂದಕ್ಕೆ ಬಿಸಿ ಮೈ ದಾಟಿದಾಗ ಸಿಗ್ನಲ್ ಹುಟ್ಟುತ್ತದೆ. ಅಂದರೆ ಅದಕ್ಕೆ ಕಾಣುವುದು ಮನುಷ್ಯನಲ್ಲ, ಅವನ ಚಲನೆ. ಸುಮ್ಮನೆ ಕೂತವನು ಅದರ ಪಾಲಿಗೆ ಇಲ್ಲವೇ ಇಲ್ಲ.

ಪೆಟ್ಟಿಗೆಯ ಮೇಲೆ ‘6 ಮೀಟರ್’ ಎಂದಿದ್ದರೆ ಅದು ನಡೆಯುವವರ ಲೆಕ್ಕ. ಕೂತವರು ಪುಟ ತಿರುಗಿಸುವುದನ್ನು ಹಿಡಿಯಬೇಕೆಂದರೆ ಅದರಲ್ಲಿ ಅರ್ಧ ಅಂತ ಹಿಡಿಯಿರಿ. ನಮ್ಮ ಕಡೆ ಬೇಸಿಗೆಯ ಕಾಟವೂ ಇದೆ. ಚರ್ಮದ ಮೇಲ್ಭಾಗ ಸುಮಾರು 33-34 ಡಿಗ್ರಿ ಇರುತ್ತದೆ. ಏಪ್ರಿಲ್-ಮೇನಲ್ಲಿ ಗದಗಿನ ತಗಡಿನ ಛಾವಣಿಯ ಕೋಣೆಯಲ್ಲಿ ಗೋಡೆಯೂ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ಆಗ ಮೈಗೂ ಗೋಡೆಗೂ ಶಾಖದ ವ್ಯತ್ಯಾಸ ಉಳಿಯುವುದಿಲ್ಲ, ಪಿಐಆರ್ ಮಂಕಾಗುತ್ತದೆ. ಜನವರಿಯಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಮೇನಲ್ಲಿ ಕೈಕೊಟ್ಟರೆ ಕೆಟ್ಟಿದೆ ಅಂತ ಕಿತ್ತೆಸೆಯಬೇಡಿ. ಸೂಕ್ಷ್ಮತೆಯ ತಿರುಪನ್ನು ಸ್ವಲ್ಪ ಏರಿಸಿ ನೋಡಿ.

ಪಡಸಾಲೆ, ಮೆಟ್ಟಿಲು, ಶೌಚಾಲಯ, ಸ್ಟೋರ್‌ರೂಮಿಗೆ ಪಿಐಆರ್ ಸಾಕು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗಂತೂ ಇದು ಎರಡು ಪಟ್ಟು ಲಾಭ. ಅಲ್ಲಿ ಲೈಟ್ ಉರಿದಷ್ಟೂ ಶಾಖ, ಆ ಶಾಖವನ್ನು ಹೊರಹಾಕಲು ಕಂಪ್ರೆಸರ್‌ಗೆ ಮತ್ತೆ ಕರೆಂಟ್. ಆದರೆ ಅಷ್ಟು ತಣ್ಣನೆ ಜಾಗಕ್ಕೆ ಒಗ್ಗುವ ಮಾದರಿಯನ್ನೇ ಕೇಳಿ ತನ್ನಿ.

ಎರಡನೆಯದು ಮೈಕ್ರೋವೇವ್ ಸೆನ್ಸರ್. ಸಾಮಾನ್ಯವಾಗಿ 5.8 ಗಿಗಾಹರ್ಟ್ಸ್ ತರಂಗ ಬಿಟ್ಟು, ತಿರುಗಿ ಬಂದದ್ದರಲ್ಲಿ ಬದಲಾವಣೆ ಹುಡುಕುತ್ತದೆ. ಬಿಸಿಲು ಸೆಖೆ ಅದಕ್ಕೆ ಲೆಕ್ಕವಿಲ್ಲ. ಆದರೆ ಗಾಜು, ಪ್ಲೈವುಡ್ ದಾಟಿ ನೋಡುತ್ತದೆ. ಪಕ್ಕದ ಕ್ಯಾಬಿನ್ನಿನಲ್ಲಿ ಯಾರೋ ಓಡಾಡಿದರೆ ನಿಮ್ಮ ಲೈಟ್ ಹತ್ತುತ್ತದೆ.

ಮೂರನೆಯದು ಹೊಸದು, ಎಂಎಂವೇವ್ (ಮಿಲಿಮೀಟರ್ ತರಂಗದ) ರೇಡಾರ್. 24 ಅಥವಾ 60 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಉಸಿರಾಡುವಾಗ ಎದೆ ಏರಿಳಿಯುವ ಕೆಲವೇ ಮಿಲಿಮೀಟರ್ ಚಲನೆಯನ್ನೂ ಹಿಡಿಯುತ್ತದೆ. ಪುಸ್ತಕದಲ್ಲಿ ಮುಳುಗಿ ಅಲ್ಲಾಡದೆ ಕೂತವನೂ ಇದರ ಕಣ್ಣಿಗೆ ಬೀಳುತ್ತಾನೆ. ಪಿಐಆರ್‌ಗಿಂತ ದುಬಾರಿ, ಆದರೆ ಓದುಕೋಣೆಗೆ ಬೇಕಾದದ್ದು ಇದೇ.

ಇಲ್ಲೊಂದು ಗಂಟಿದೆ. ಸೀಲಿಂಗ್ ಫ್ಯಾನಿನ ರೆಕ್ಕೆಯೂ ಚಲನೆಯೇ ತಾನೆ? ಮೈಕ್ರೋವೇವ್‌ಗಾಗಲಿ ರೇಡಾರ್‌ಗಾಗಲಿ ಅದು ಕಂಡರೆ ಕೋಣೆಯಲ್ಲಿ ಯಾರೋ ಇದ್ದಾರೆ ಎಂದೇ ಲೆಕ್ಕ. ಫ್ಯಾನ್ ತಿರುಗುತ್ತಿದೆ ಎಂದು ಸೆನ್ಸರ್ ಆರಿಸುವುದಿಲ್ಲ. ಸೆನ್ಸರ್ ಆರಿಸುವುದಿಲ್ಲ ಎಂದು ಫ್ಯಾನ್ ನಿಲ್ಲುವುದಿಲ್ಲ. ರಾತ್ರಿಯೆಲ್ಲ ಹೀಗೇ ನಡೆಯಬಹುದು. ಎಸಿ ಆಫೀಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕೈಪಿಡಿಗಳಲ್ಲಿ ಫ್ಯಾನಿನ ಸುದ್ದಿ ಇರದೆಯೂ ಹೋಗಬಹುದು. ಪರಿಹಾರವೆಂದರೆ ರೇಡಾರನ್ನು ಫ್ಯಾನಿನ ಪಕ್ಕ ಸೀಲಿಂಗಿಗೆ ಹಾಕದೆ ಗೋಡೆಗೆ ಹಾಕಿ, ಕುರ್ಚಿಗಳ ಕಡೆ ತುಸು ಬಗ್ಗಿಸುವುದು. ಎಷ್ಟು ದೂರದಿಂದ ಎಷ್ಟು ದೂರದವರೆಗೆ ನೋಡಬೇಕು ಎಂದು ಆ್ಯಪ್‌ನಲ್ಲಿ ಹೊಂದಿಸುವ ಮಾದರಿಗಳಿವೆ. ಅಂಥದ್ದನ್ನೇ ಕೊಳ್ಳಿ.

ಎಲ್ಲಕ್ಕಿಂತ ಒಳ್ಳೆಯದು ಪಿಐಆರ್ ಮತ್ತು ರೇಡಾರ್ ಎರಡೂ ಸೇರಿದ ಜೋಡಿ. ಲೈಟ್ ಹಚ್ಚಲು ಎರಡೂ ಒಪ್ಪಬೇಕು, ಹತ್ತಿದ್ದನ್ನು ಉಳಿಸಿಕೊಳ್ಳಲು ಒಂದು ಒಪ್ಪಿದರೆ ಸಾಕು. ಹೀಗೆ ಮಾಡಿದರೆ ಪರದೆ ಅಲ್ಲಾಡಿತೆಂದು ಲೈಟ್ ಹತ್ತುವುದೂ ಇಲ್ಲ, ಕೂತವರ ಮೇಲೆ ಕತ್ತಲಾಗುವುದೂ ಇಲ್ಲ.

ಎಲ್ಲಿ ಕೂರಿಸಬೇಕು

ಪಿಐಆರ್ ಸೀಲಿಂಗಿನಲ್ಲಿ, ಎರಡೂವರೆಯಿಂದ ಮೂರು ಮೀಟರ್ ಎತ್ತರದಲ್ಲಿ ಇರಲಿ. ಜನ ಅದರ ಕಡೆಗೆ ನೇರ ನಡೆದು ಬರುವುದಕ್ಕಿಂತ ಅಡ್ಡ ಹಾಯುವಂತಿದ್ದರೆ ಬೇಗ ಹಿಡಿಯುತ್ತದೆ. ಎಸಿಯ ಗಾಳಿ ಬಡಿಯುವ ಕಡೆ, ಬಿಸಿಲು ಬೀಳುವ ಕಿಟಕಿಯ ಎದುರು ಬೇಡ. ತೆರೆದ ಬಾಗಿಲಿನಿಂದ ಹೊರಗಿನ ಪಡಸಾಲೆ ಕಾಣುವಂತಿದ್ದರೆ ಲೆನ್ಸಿನ ಆ ಭಾಗಕ್ಕೆ ಒಳಗಿನಿಂದ ಟೇಪ್ ಅಂಟಿಸಿ. ಅಂಟಿಸುವಾಗ ಸೆನ್ಸರ್‌ನ ಕರೆಂಟ್ ತೆಗೆದಿರಲಿ. ಪಿಐಆರ್ ಗಾಜಿನಾಚೆ ನೋಡಲಾರದು, ಹಾಗಾಗಿ ಗಾಜಿನ ಪಾರ್ಟಿಷನ್ ಇದ್ದರೆ ಆ ಕಡೆಗೆ ಬೇರೆಯದೇ ಬೇಕು.

ತಿರುಗುವ ಯಂತ್ರ ಇರುವಲ್ಲಿ ಲೈಟನ್ನು ಸೆನ್ಸರ್ ಕೈಗೆ ಕೊಡಲೇಬೇಡಿ. ಹುಬ್ಬಳ್ಳಿಯ ಗೋಕುಲ ರೋಡಿನ ವರ್ಕ್‌ಶಾಪಿನಲ್ಲಿ ಲೇತ್ ತಿರುಗುತ್ತಿರುವಾಗ ಕತ್ತಲಾದರೆ ಕೈಗೇ ಅಪಾಯ.

ವಯರಿಂಗ್

ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಮೇನ್ ಆರಿಸಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆಯೇ ಕೈ ಹಾಕಬೇಕು. ನೀವು ಪಕ್ಕದಲ್ಲಿ ನಿಂತು ನಾಲ್ಕು ವಿಷಯ ಕೇಳಿದರೆ ಸಾಕು.

ನ್ಯೂಟ್ರಲ್ ಇದೆಯಾ? ಹೆಚ್ಚಿನ ಸೆನ್ಸರ್‌ಗಳಿಗೆ ಫೇಸ್, ನ್ಯೂಟ್ರಲ್, ಲೈಟಿಗೆ ಹೋಗುವ ತಂತಿ ಎಂದು ಮೂರು ಬೇಕು. ಹಳೇ ಕಟ್ಟಡಗಳ ಸ್ವಿಚ್ ಬೋರ್ಡಿಗೆ ಹಲವು ಕಡೆ ನ್ಯೂಟ್ರಲ್ ಎಳೆದಿರುವುದಿಲ್ಲ. ಆಗ ಸೀಲಿಂಗಿನ ಲೈಟ್ ಪಾಯಿಂಟಿನಿಂದ ತೆಗೆದುಕೊಳ್ಳುವುದು ಸುಲಭ.

ಸೆನ್ಸರ್‌ನ ರಿಲೇ, ಅಂದರೆ ಲೈಟನ್ನು ಹಚ್ಚಿ ಆರಿಸುವ ಒಳಗಿನ ಪುಟ್ಟ ಸ್ವಿಚ್, ಎಷ್ಟು ಲೋಡ್ ತಡೆಯುತ್ತದೆ? ಪೆಟ್ಟಿಗೆಯ ಮೇಲೆ ಎರಡು ಅಂಕಿ ಇರುತ್ತವೆ. ದೊಡ್ಡದು ಹಳೇ ಬಲ್ಬಿಗೆ, ಚಿಕ್ಕದು ಎಲ್‌ಇಡಿಗೆ. ಎಲ್‌ಇಡಿ ಹತ್ತುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ರಿಲೇಯ ಒಳಗಿನ ಸಂಪರ್ಕ ಬೆಸೆದುಕೊಳ್ಳಬಹುದು. ಆಮೇಲೆ ಲೈಟ್ ಆರುವುದೇ ಇಲ್ಲ. 20 ಟ್ಯೂಬು, 12 ಫ್ಯಾನಿಗೆ ನಡುವೆ ಕಾಂಟ್ಯಾಕ್ಟರ್, ಅಂದರೆ ಹೆಚ್ಚು ಲೋಡ್ ತಡೆಯುವ ದೊಡ್ಡ ರಿಲೇ, ಹಾಕಿಸಿ.

ಇನ್ವರ್ಟರ್ ಲೈನಿಗೆ ಸೇರಿಸಿದ್ದಾರಾ? ಕರೆಂಟ್ ಹೋಗಿ ಬಂದಾಗಲೆಲ್ಲ ಪಿಐಆರ್ ಅರ್ಧದಿಂದ ಒಂದು ನಿಮಿಷ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಇದು ರಗಳೆ. ಇನ್ವರ್ಟರ್ ಮೇಲಿದ್ದರೆ ಆ ತೊಂದರೆ ಇಲ್ಲ. ಅಡ್ಡಮಳೆಯ ಸಿಡಿಲಿಗೆ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್, ಅಂದರೆ ಒಮ್ಮೆಲೇ ಏರುವ ವೋಲ್ಟೇಜನ್ನು ತಡೆಯುವ ಸಾಧನ, ಇರಲಿ.

ಬೈಪಾಸ್ ಸ್ವಿಚ್ ಎಲ್ಲಿ? ಸೆನ್ಸರ್ ಕೆಟ್ಟರೆ ಕೈಯಿಂದ ಹಚ್ಚಲು ಒಂದು ಸ್ವಿಚ್ ಬೇಕೇ ಬೇಕು.

ತಿರುಪು ತಿರುಗಿಸುವ ಹೊತ್ತು

ಸೆನ್ಸರ್ ಮೇಲೆ ಸಾಮಾನ್ಯವಾಗಿ ಮೂರು ತಿರುಪು: ಸೂಕ್ಷ್ಮತೆ, ಬೆಳಕು, ಸಮಯ. ಬೆಳಕಿನದು ಹಗಲಲ್ಲಿ ಲೈಟ್ ಹತ್ತದಂತೆ ತಡೆಯುತ್ತದೆ. ಅದನ್ನು ಮೋಡ ಕವಿದ ಜುಲೈ ದಿನ ಹೊಂದಿಸಿದರೆ ಧಾರವಾಡದಲ್ಲಿ ಸರಿಯಾಗಿ ಕೂರುತ್ತದೆ. ಸಮಯವನ್ನು ಮೊದಲು ಕನಿಷ್ಠಕ್ಕಿಟ್ಟು, ಕೋಣೆಯ ಮೂಲೆಮೂಲೆಗೆ ನಡೆದು, ಒಂದೊಂದು ಕುರ್ಚಿಯಲ್ಲೂ ಕೂತು ನೋಡಿ. ಆಮೇಲೆ ಪಡಸಾಲೆಗೆ 2-3 ನಿಮಿಷ, ಶೌಚಾಲಯಕ್ಕೆ 10, ಓದುಕೋಣೆಗೆ 15 ಇಡಿ. ದೊಡ್ಡ ವಾಣಿಜ್ಯ ಕಟ್ಟಡಗಳಿಗೆಂದು ಕೇಂದ್ರ 2017ರಲ್ಲಿ ತಂದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ, ಅಂದರೆ ಇಸಿಬಿಸಿ ಕೂಡ, ಜನ ಹೋದ 15 ನಿಮಿಷದೊಳಗೆ ಲೈಟ್ ಆರಬೇಕು ಎಂದಿತ್ತು.

ಕೈಯಿಂದ ಹಚ್ಚಿ, ತಾನೇ ಆರುವ ವ್ಯವಸ್ಥೆ ಇದ್ದರೆ ಇನ್ನೂ ಉಳಿತಾಯ. ಪುಸ್ತಕ ಮರೆತವನು ಎರಡು ನಿಮಿಷಕ್ಕೆ ಒಳಬಂದರೆ ಇಡೀ ಕೋಣೆ ಬೆಳಗುವುದಿಲ್ಲ.

ಎಸಿಯ ಕಥೆ ಬೇರೆ. ಅದರ ಕರೆಂಟನ್ನು ಸೆನ್ಸರ್‌ನಿಂದ ಪಟ್ಟನೆ ಕತ್ತರಿಸಬಾರದು. ನಿಂತ ಕಂಪ್ರೆಸರ್ ಮತ್ತೆ ಓಡಲು ಸುಮಾರು 3 ನಿಮಿಷ ಬೇಕು. ರಿಮೋಟಿನ ಸಿಗ್ನಲ್ಲನ್ನೇ ಕಳಿಸುವ ಸಾಧನ ಸಿಗುತ್ತದೆ. ಕೋಣೆ ಖಾಲಿಯಾದ 15 ನಿಮಿಷಕ್ಕೆ 24 ಡಿಗ್ರಿಯನ್ನು 28ಕ್ಕೆ ಏರಿಸಿ, ಅರ್ಧ ಗಂಟೆಯಾದರೂ ಯಾರೂ ಬರದಿದ್ದರೆ ಆರಿಸುವಂತೆ ಹೊಂದಿಸಿ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಕರೆಂಟ್ ಉಳಿಯುತ್ತದೆ ಎನ್ನುವುದು ಕೇಂದ್ರದ ಇಂಧನ ದಕ್ಷತಾ ಬ್ಯೂರೊದ ಲೆಕ್ಕ.

ಎರಡು ವಾರ ಕಾಯಿರಿ

ಹಾಕಿದ ದಿನದ ಮೀಟರ್ ರೀಡಿಂಗ್ ಬರೆದಿಡಿ, ಎರಡು ವಾರದ ನಂತರ ಮತ್ತೆ ನೋಡಿ. ಹಿಂದಿನ ಬಿಲ್ಲಿಗೆ ಹೋಲಿಸುವಾಗ ಪರೀಕ್ಷೆಯ ಸೀಸನ್, ಬೇಸಿಗೆ ಎರಡನ್ನೂ ನೆನಪಿನಲ್ಲಿಡಿ. ಲೆನ್ಸಿನ ಮೇಲೆ ಜೇಡ ಬಲೆ ಕಟ್ಟಿದರೆ ನಡುರಾತ್ರಿ ಲೈಟ್ ಹತ್ತುತ್ತದೆ. ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸಿ.

ಆಗ ಬೈಪಾಸ್ ಸ್ವಿಚ್ಚನ್ನೂ ನೋಡಿ. ಅದು ಯಾವಾಗಲೂ ಹಚ್ಚಿದಂತೆಯೇ ಇದ್ದರೆ ಯಾರೋ ಕತ್ತಲಾಗಿ ರೋಸಿಹೋಗಿದ್ದಾರೆ ಎಂದರ್ಥ. ಬೈಯಬೇಡಿ, ಯಾವ ಕುರ್ಚಿಯವರು ಎಂದು ಕೇಳಿ. ಆ ಕುರ್ಚಿ ಸೆನ್ಸರ್ ಕಣ್ಣಿಗೆ ಬೀಳುತ್ತಿಲ್ಲ. ಅಲ್ಲಿಗೆ ಇನ್ನೊಂದು ಸೆನ್ಸರ್ ತಂದು, ಅದೇ ಫೇಸ್‌ನಿಂದ ಮೊದಲಿನದರ ಜೊತೆ ಪ್ಯಾರಲಲ್ ಆಗಿ ಜೋಡಿಸಿದರೆ ಎರಡರಲ್ಲಿ ಯಾವುದು ಜನರನ್ನು ಕಂಡರೂ ಲೈಟ್ ಉಳಿಯುತ್ತದೆ.