ಡ್ಯಾಶ್‌ಬೋರ್ಡ್ ಬಿರುಕಿಗೆ ಚಹಾ ಜರಡಿಯ ತೇಪೆ

ಹದಿಮೂರು ವರ್ಷ ನನ್ನ ಕಾರು ಮನೆ ಮುಂದಿನ ಬೇವಿನ ಗಿಡದ ನೆರಳಲ್ಲೇ ನಿಂತಿತ್ತು. ರಸ್ತೆ ಅಗಲ ಮಾಡುವಾಗ ಗಿಡ ಹೋಯಿತು. ರಾಯಚೂರಿನ ಬಿಸಿಲು ಗೊತ್ತಲ್ವಾ? ಒಂದೇ ಬೇಸಿಗೆಗೆ ಮೀಟರ್ ಮೇಲಿನ ಹುಡ್ ಮೂಲೆಯಿಂದ ಒಂದು ಗೇಣು ಸೀಳಿತು.

ಮೊದಲು ಮೇಲಿಂದಲೇ ಇನ್‌ಸ್ಟಂಟ್ ಗಮ್ ಹಾಕಿದೆ. ಹದಿನೈದು ದಿನಕ್ಕೆ ಪಟ್ ಅಂತ ಬಿಟ್ಟಿತು. ಸುತ್ತ ಬಿಳಿ ಕಲೆ ಬೇರೆ. ಆಮೇಲೆ ತಿಳಿಯಿತು, ಈ ಕೆಲಸ ಹಿಂಬದಿಯಿಂದ ಮಾಡಬೇಕು.

ಹುಡ್ ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ತಿರುಗಿಸಿ ನೋಡಿ, ಯಾವ ಪ್ಲಾಸ್ಟಿಕ್ ಅಂತ ಹೇಳುವ ಉಬ್ಬಿದ ಅಕ್ಷರ ಹಿಂದೆ ಇರುತ್ತದೆ. 'ಎಬಿಎಸ್' ಅಂತಿದ್ದರೆ ನಿಮ್ಮ ಅದೃಷ್ಟ: ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಮೆತ್ತಿದರೆ ಒಂದಾಗುತ್ತದೆ. ಬೆಂಕಿ ಮಾತ್ರ ಹತ್ತಿರ ಇರಬಾರದು. 'ಪಿಪಿ', ಅಂದರೆ ಪಾಲಿಪ್ರೊಪಿಲೀನ್, ಅಂತಿದ್ದರೆ ಯಾವ ಗಮ್ಮೂ ಸರಿಯಾಗಿ ಹಿಡಿಯಲ್ಲ, ಕರಗಿಸಿಯೇ ಬೆಸೆಯಬೇಕು. ನನ್ನದು ಪಿಪಿ.

ಬಿರುಕು ನಿಂತಿರುವ ತುದಿಯಲ್ಲಿ 2 ಮಿ.ಮೀ. ತೂತು ಹಾಕಿ. ಇಲ್ಲದಿದ್ದರೆ ಇತ್ತ ಬೆಸೆಯುತ್ತಿದ್ದಂತೆ ಅತ್ತ ಮುಂದಕ್ಕೆ ಓಡುತ್ತದೆ. ಮುಂಭಾಗಕ್ಕೆ ಗಟ್ಟಿಯಾಗಿ ಟೇಪ್ ಹಚ್ಚಿ ಎರಡೂ ಅಂಚು ಕೂಡಿಸಿ.

ಇನ್ನು ಜರಡಿ. ಚಹಾ ಸೋಸುವ ಹಳೇ ಸ್ಟೀಲ್ ಜರಡಿಯ ಜಾಲರಿಯನ್ನು ಎರಡು ಬೆರಳು ಅಗಲದ ಪಟ್ಟಿಯಾಗಿ ಕತ್ತರಿಸಿ ಬಿರುಕಿನ ಮೇಲಿಡಿ. ನಮ್ಮೂರಿನ ತೀನ್ ಕಂದೀಲ್ ಕಡೆಯಿಂದ ತಂದ 25 ವ್ಯಾಟ್ ಸೋಲ್ಡರಿಂಗ್ ಐರನ್ನಿನಿಂದ ಒತ್ತಿದೆ. ಒಂದು, ಎರಡು, ಮೂರು ಎಣಿಸಿ ಎತ್ತಬೇಕು. ಕಣ್ಣುಕಣ್ಣಿನೊಳಗಿಂದ ಪ್ಲಾಸ್ಟಿಕ್ ಬೆಣ್ಣೆಯಂತೆ ಮೇಲೆ ಬಂದರೆ ಸಾಕು. ಹೊಗೆ ಎದ್ದರೆ ಜಾಸ್ತಿಯಾಯಿತು ಅಂತ ಅರ್ಥ, ಮುಂಭಾಗ ಬೊಬ್ಬೆ ಏಳುತ್ತದೆ. ನನ್ನದರಲ್ಲಿ ಒಂದು ಎದ್ದಿದೆ. ತ್ರಿಕೋನದೊಳಗೆ 5 ಅಂತ ಬರೆದ ಡಬ್ಬಿ ಮುಚ್ಚಳವೂ ಪಿಪಿಯೇ. ಅದರ ಎಳೆಗಳನ್ನು ಕತ್ತರಿಸಿ ಜಾಲರಿ ಮುಚ್ಚುವಷ್ಟು ಕರಗಿಸಿ ಸುರಿಯಿರಿ. ಇದೆಲ್ಲ ಅಂಗಳದಲ್ಲೇ ಆಗಲಿ, ವಾಸನೆ ಒಳ್ಳೆಯದಲ್ಲ.

ಮುಂಭಾಗದ ಗೀಟನ್ನೂ ಹಾಗೇ ತುಂಬಿ, ಆರಿದ ಮೇಲೆ ಬ್ಲೇಡಿನಿಂದ ಹೆರೆಯಿರಿ. ಒರಟು ಪಾಲಿಶ್ ಪೇಪರ್ ಬೇಡ, ಪಿಪಿ ನೂಲು ನೂಲಾಗಿ ಏಳುತ್ತದೆ. 400ರ ಪೇಪರ್ ನೀರಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಮೊದಲು ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿದ್ದರೆ ಸೋಪಿನಿಂದ ಎರಡು ಮೂರು ಸಲ ತೊಳೆಯಿರಿ. ಅದರ ಸಿಲಿಕೋನ್ ಜಿಡ್ಡಿನ ಮೇಲೆ ಬಣ್ಣ ನಿಲ್ಲಲ್ಲ. ಪ್ಲಾಸ್ಟಿಕ್ ಪ್ರೈಮರ್, ಆಮೇಲೆ ಮ್ಯಾಟ್ ಕಪ್ಪು ಸ್ಪ್ರೇ. ಹೊಳೆಯುವ ಬಣ್ಣ ಹೊಡೆದರೆ ಮಧ್ಯಾಹ್ನ ಮಾನ್ವಿ ರಸ್ತೆಯಲ್ಲಿ ಮುಂದಿನ ಗಾಜಿನ ತುಂಬ ಅದೇ ಕಾಣುತ್ತದೆ.

ಇದನ್ನು ಏರ್‌ಬ್ಯಾಗ್ ಇರುವ ಕಡೆ ಮಾತ್ರ ಮಾಡಬೇಡಿ. ಹೊಸ ಮಾಡೆಲ್‌ಗಳಿಗೆ 2021ರ ಏಪ್ರಿಲ್‌ನಿಂದ ಮುಂದಿನ ಎಡಸೀಟಿಗೂ ಅದು ಕಡ್ಡಾಯ. ಅಲ್ಲಿನ ಮುಚ್ಚಳ ಹರಿದುಕೊಂಡೇ ಚೀಲ ಹೊರಬರಬೇಕು. ನೀವು ಜಾಲರಿ ಹಾಕಿದರೆ ಅದು ತೆರೆಯದೇ ಇರಬಹುದು, ಇಲ್ಲವೇ ಜಾಲರಿ ಮುಖಕ್ಕೇ ಬರಬಹುದು. ಅಲ್ಲಿ ಬಿರುಕಾದರೆ ಪ್ಯಾನೆಲ್ಲನ್ನೇ ಬದಲಿಸಿ.

ನನ್ನ ಹುಡ್‌ಗೆ ಇದು ಎರಡನೇ ಮೇ ತಿಂಗಳು. ಹತ್ತಿರದಿಂದ ನೋಡಿದರೆ ಗೀಟು ಕಾಣುತ್ತದೆ, ತೂತನ್ನು ಮಾತ್ರ ದಾಟಿಲ್ಲ.