ಇನ್ಶೂರೆನ್ಸ್ ಕಂಪನಿ ಜೊತೆ ತಕರಾರಿದ್ದರೆ ಫೋನ್ ಕರೆ ರೆಕಾರ್ಡ್ ಮಾಡುವ ಕ್ರಮ

ಕ್ಲೈಮ್ ತಕರಾರಿನಲ್ಲಿ ಕಂಪನಿ ಪತ್ರದಲ್ಲಿ ಹೇಳುವುದು ಒಂದು, ಫೋನಿನಲ್ಲಿ ಹೇಳುವುದು ಇನ್ನೊಂದು. "ಆ ಪೇಪರ್ ಬೇಡ ಸರ್, ಎರಡು ದಿನದಲ್ಲಿ ಪಾಸಾಗುತ್ತೆ" ಅಂದವರು ಯಾರು ಅಂತ ತಿಂಗಳಾದ ಮೇಲೆ ಕೇಳಿದರೆ ಉತ್ತರ ಸಿಗುವುದಿಲ್ಲ.

ನೀವೇ ಮಾತಾಡುತ್ತಿರುವ ಕರೆಯನ್ನು ಮಾತ್ರ ರೆಕಾರ್ಡ್ ಮಾಡಿ; ಬೇರೆ ಇಬ್ಬರ ಮಾತು ಕದ್ದು ಹಿಡಿಯಲು ಹೋಗಬೇಡಿ. ಶುರುವಿನಲ್ಲೇ "ನಾನೂ ರೆಕಾರ್ಡ್ ಮಾಡ್ಕೊಳ್ತಿದೀನಿ" ಅಂದುಬಿಡಿ. ಅವರ ಕಡೆಯೂ ರೆಕಾರ್ಡ್ ಆಗುತ್ತಿರುತ್ತದೆ, ಮುಚ್ಚಿಡುವಂಥದ್ದೇನೂ ಇಲ್ಲ. ಹಾಗೆ ಹೇಳಿದ ಮೇಲೆ ಬಾಯಿಗೆ ಬಂದ ಭರವಸೆಗಳೂ ಕಡಿಮೆಯಾಗುತ್ತವೆ.

ಸ್ಯಾಮ್‌ಸಂಗ್ ಫೋನಾದರೆ ಫೋನ್ ಆ್ಯಪ್‌ನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಕಾಲ್ ರೆಕಾರ್ಡಿಂಗ್ ಆನ್ ಮಾಡಿ. ಗೂಗಲ್ ಡಯಲರ್ ಇರುವ ಫೋನುಗಳಲ್ಲಿ ರೆಕಾರ್ಡ್ ಒತ್ತಿದರೆ ಎರಡೂ ಕಡೆ ಘೋಷಣೆ ಕೇಳುತ್ತದೆ. ಐಫೋನಿನಲ್ಲೂ ಹಾಗೇ, ಐಒಎಸ್ 18.1ರಿಂದ ಈ ಸೌಲಭ್ಯವಿದೆ, ಫೈಲ್ ನೋಟ್ಸ್ ಆ್ಯಪ್‌ಗೆ ಹೋಗುತ್ತದೆ. ಪ್ಲೇಸ್ಟೋರಿನ ರೆಕಾರ್ಡರ್ ಆ್ಯಪ್‌ಗಳನ್ನು ನಂಬಬೇಡಿ. 2022ರ ಮೇ ತಿಂಗಳಲ್ಲಿ ಗೂಗಲ್ ಅವುಗಳ ದಾರಿ ಮುಚ್ಚಿದ ಮೇಲೆ ಬಹಳಷ್ಟರಲ್ಲಿ ನಿಮ್ಮ ದನಿ ಮಾತ್ರ ಉಳಿಯುತ್ತದೆ, ಎದುರಿನವರದು ಖಾಲಿ. ಬೇರೆ ದಾರಿಯಿಲ್ಲದಿದ್ದರೆ ಸ್ಪೀಕರ್ ಹಾಕಿ, ಇನ್ನೊಂದು ಫೋನಿನ ವಾಯ್ಸ್ ರೆಕಾರ್ಡರನ್ನು ಒಂದು ಗೇಣು ದೂರದಲ್ಲಿಡಿ. ತಗಡಿನ ಮಾಡಿನ ಕೆಳಗೆ ಮಾತ್ರ ಬೇಡ, ಜುಲೈ ಮಳೆಯಲ್ಲಿ ಒಂದಕ್ಷರವೂ ಕೇಳುವುದಿಲ್ಲ. ಮೊದಲು ಮನೆಯವರಿಗೇ ಒಂದು ನಿಮಿಷ ಕರೆ ಮಾಡಿ, ಎರಡೂ ದನಿ ಬಂತಾ ಕೇಳಿ ನೋಡಿ.

ಮೂಡಿಗೆರೆ, ಸಕಲೇಶಪುರದ ಕಡೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಬ್ರಾಡ್‌ಬ್ಯಾಂಡ್ ಇದ್ದು, ಕರೆಂಟ್ ಹೋದರೂ ರೂಟರ್ ನಡೆಯುವಂತಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ವಾಟ್ಸ್‌ಆ್ಯಪ್ ಕರೆಯನ್ನು ಫೋನಿನ ಡಯಲರ್ ರೆಕಾರ್ಡ್ ಮಾಡುವುದಿಲ್ಲ. ಕರೆ ಕಡಿದು ಮತ್ತೆ ಸಿಕ್ಕರೆ ಅದು ಹೊಸ ಫೈಲು, ಹೆಚ್ಚಿನ ಪಾಲು ಹೊಸ ವ್ಯಕ್ತಿ ಕೂಡ. ಎಲ್ಲವನ್ನೂ ಮೊದಲಿಂದ ಹೇಳಬೇಕು.

ಎಲ್ಲ ಅಂದರೆ: ತಾರೀಖು, ಸಮಯ, ಪಾಲಿಸಿ ನಂಬರ್, ಕ್ಲೈಮ್ ನಂಬರ್. ಇವನ್ನು ನೀವೇ ಜೋರಾಗಿ ಓದಿ. ಅವರ ಹೆಸರು, ಎಂಪ್ಲಾಯಿ ಐಡಿ, ಈ ಕರೆಯ ರೆಫರೆನ್ಸ್ ನಂಬರ್ ಕೇಳಿ. ಆಮೇಲೆ "ಯಾವ ಷರತ್ತಿನ ಪ್ರಕಾರ ರಿಜೆಕ್ಟ್ ಮಾಡಿದ್ದೀರಿ, ಅದರ ಕ್ಲಾಜ್ ನಂಬರ್ ಹೇಳಿ" ಎನ್ನಿ. ಆರೋಗ್ಯ ವಿಮೆಯಲ್ಲಿ "ಮೊದಲೇ ಕಾಯಿಲೆ ಇತ್ತು, ಮುಚ್ಚಿಟ್ಟಿದ್ದೀರಿ" ಅಂದರೆ ಪಾಲಿಸಿಗೆ ಎಷ್ಟು ವರ್ಷವಾಯಿತು ಎಂದು ಅವರ ಬಾಯಿಂದಲೇ ಹೇಳಿಸಿ. ಬಿಡದೆ 60 ತಿಂಗಳು ನಡೆದ ಪಾಲಿಸಿಯಲ್ಲಿ, ವಂಚನೆ ಸಾಬೀತಾಗದೆ, ಆ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಹಿಂದಿ, ಇಂಗ್ಲಿಷಿನಲ್ಲಿ ಗಡಗಡ ಹೇಳಿ ಮುಗಿಸಿದರೆ ಕನ್ನಡದವರನ್ನು ಕೊಡಿ ಎನ್ನಿ, ಇಲ್ಲವಾದರೆ ಸಾರ ನೀವೇ ತಿರುಗಿ ಹೇಳಿ, "ಇಷ್ಟೇ ತಾನೇ?" ಎಂದು ಕೇಳಿ. "ಹೂಂ" ಸಾಲದು, "ಹೌದು" ಬರುವವರೆಗೆ ಕಾಯಿರಿ. ಕೂಗಾಡಬೇಡಿ, ಮುಂದೆ ಕೇಳುವವರಿಗೆ ನಿಮ್ಮ ದನಿಯೂ ಕೇಳಿಸುತ್ತದೆ.

ಅದೇ ಸಂಜೆ ಕಂಪನಿಯಲ್ಲಿ ದೂರು ನೋಡಿಕೊಳ್ಳುವ ಗ್ರೀವೆನ್ಸ್ ಅಧಿಕಾರಿಗೆ ಮೇಲ್ ಹಾಕಿ: "ಇಂದು ಇಷ್ಟು ಗಂಟೆಗೆ ನಿಮ್ಮ ಇಂಥವರು ಹೀಗೆಂದರು, ಕರೆಯ ರೆಫರೆನ್ಸ್ ನಂಬರ್ ಇಂಥದ್ದು. ತಪ್ಪಿದ್ದರೆ 7 ದಿನದೊಳಗೆ ತಿಳಿಸಿ. ನಿಮ್ಮ ಕಡೆಯ ರೆಕಾರ್ಡಿಂಗ್ ಅಳಿಸದೆ ಕಾಪಾಡಿ." ರೆಕಾರ್ಡಿಂಗ್‌ಗಿಂತ ಈ ಮೇಲ್‌ಗೇ ತೂಕ ಹೆಚ್ಚು. ಬರೀ ಆಡಿಯೊ ಇಟ್ಟುಕೊಂಡು ಕೂತವರು ಅರ್ಧ ಕೆಲಸ ಮಾಡಿದ್ದಾರೆ ಅಷ್ಟೆ.

ಫೈಲನ್ನು ಕತ್ತರಿಸಬೇಡಿ, ಹೆಸರು ಬದಲಿಸಬೇಡಿ. ಪೆನ್‌ಡ್ರೈವಿಗೆ ಒಂದು, ಗೂಗಲ್ ಡ್ರೈವಿಗೆ ಒಂದು ಪ್ರತಿ ಹಾಕಿ, ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಇಡಿ. ದೀಪಾವಳಿ ಎಕ್ಸ್‌ಚೇಂಜ್ ಆಫರಿಗೆ ಆ ಫೋನನ್ನು ಕೊಟ್ಟುಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು; ಕೇಸ್ ಮುಗಿಯುವವರೆಗೆ ಮೂಲ ಫೋನ್ ಬೇಕು. ಪ್ರತಿಯನ್ನು ಸಾಕ್ಷಿಯಾಗಿ ಕೊಡುವಾಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಬೇಕು. ಭಾಗ ಎ ನಿಮ್ಮದು, ಭಾಗ ಬಿ ತಜ್ಞರದು. ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲಿನ ಬೆರಳಚ್ಚಿನಂಥ ಕೋಡ್, ಅದರಲ್ಲಿರಬೇಕು. ಫೈಲಿನಲ್ಲಿ ಒಂದು ಸೆಕೆಂಡ್ ಕತ್ತರಿಸಿದ್ದರೂ ಹ್ಯಾಶ್ ಬದಲಾಗುತ್ತದೆ. ಜೊತೆಗೆ ನಿಮಿಷ, ಸೆಕೆಂಡ್ ಸಮೇತ ಮಾತುಕತೆಯನ್ನು ಬರೆದುಕೊಡಿ.

ಕಂಪನಿ ದೂರನ್ನು ತಳ್ಳಿಹಾಕಿದರೆ, ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ವಿಮಾ ತಕರಾರು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಡ, ಮಿತಿ 50 ಲಕ್ಷ ರೂಪಾಯಿ. ಗ್ರಾಹಕ ಆಯೋಗ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಇದೆ, ಅಲ್ಲಿ ಎರಡು ವರ್ಷದ ಗಡುವು. ಆದರೆ ಆಯೋಗದಲ್ಲಿ ಕೇಸ್ ಹಾಕಿದ ಮೇಲೆ ಅದೇ ವಿಷಯಕ್ಕೆ ಒಂಬುಡ್ಸ್‌ಮನ್ ಬಾಗಿಲು ಮುಚ್ಚುತ್ತದೆ, ಆದ್ದರಿಂದ ಯಾವುದು ಮೊದಲು ಎಂದು ಯೋಚಿಸಿ ಹೋಗಿ. ಆಯೋಗಕ್ಕೇ ಹೋದರೆ, ಕಂಪನಿ ತನ್ನ ರೆಕಾರ್ಡಿಂಗನ್ನು ಹಾಜರುಪಡಿಸಬೇಕೆಂದು ಅರ್ಜಿ ಹಾಕಬಹುದು. ಸಂಜೆಯ ಮೇಲ್‌ನಲ್ಲಿ ನೀವು ಬರೆದಿಟ್ಟ ರೆಫರೆನ್ಸ್ ನಂಬರ್ ಆಗ ಬೇಕಾಗುತ್ತದೆ.