ಕಾಫಿ ಹುರಿಯುವ ಘಟಕಕ್ಕೆ ಮಾಲಿನ್ಯ ಮಂಡಳಿ ಒಪ್ಪಿಗೆ: ನಾವು ಮಾಡಿದ್ದು ಹೀಗೆ

ಚಿಕ್ಕಮಗಳೂರಿನ ಹೊರಗೆ ನಮ್ಮದು ಕಾಫಿ ಹುರಿದು ಪುಡಿ ಮಾಡುವ ಚಿಕ್ಕ ಘಟಕ. ಒಂದು ರೋಸ್ಟರ್, ಗ್ರೈಂಡರ್‌ಗಳು, ಮಳೆಗಾಲದಲ್ಲಿ ಕರೆಂಟ್ ನಂಬಲು ಆಗುವುದಿಲ್ಲ ಅಂತ 62.5 ಕೆವಿಎ ಜನರೇಟರ್. ಪಂಚಾಯಿತಿ ಲೈಸೆನ್ಸ್ ಇದ್ದರೆ ಸಾಕು ಅನ್ನುವವರು ಬಹಳ ಜನ ಸಿಕ್ಕಿದರು. ಸಾಲದು. ಹೊಗೆ ಬಿಡುವ ಘಟಕಕ್ಕೆ 1981ರ ವಾಯು ಕಾಯ್ದೆ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಅದೂ ಎರಡು ಸಲ: ಕಟ್ಟುವ ಮೊದಲು ಸಿಎಫ್‌ಇ (ಸ್ಥಾಪನೆಗೆ ಒಪ್ಪಿಗೆ), ಯಂತ್ರ ಓಡಿಸುವ ಮೊದಲು ಸಿಎಫ್‌ಒ (ನಡೆಸಲು ಒಪ್ಪಿಗೆ).

ಅರ್ಜಿ ಆನ್‌ಲೈನ್. ಎಷ್ಟು ಮಾಲಿನ್ಯ ಆಗುತ್ತದೆ ಅನ್ನುವುದರ ಮೇಲೆ ಘಟಕಗಳನ್ನು ಬಣ್ಣದ ಹೆಸರಿನ ವರ್ಗಗಳಾಗಿ ಮಾಡಿರುತ್ತಾರೆ, ಅರ್ಜಿಗೂ ಮೊದಲು ನಿಮ್ಮ ಘಟಕ ಯಾವ ಬಣ್ಣಕ್ಕೆ ಸೇರುತ್ತದೆ ಅಂತ ಪಕ್ಕಾ ಮಾಡಿಕೊಳ್ಳಿ. ಕೆಂಪು, ಕಿತ್ತಳೆ, ಹಸಿರಿಗೆ ಒಪ್ಪಿಗೆ ಬೇಕು, ಬಿಳಿಯಾದರೆ ತಿಳಿಸಿದರೆ ಸಾಕು.

ಶುಲ್ಕ ನಿಂತಿರುವುದು ಹೂಡಿದ ಬಂಡವಾಳದ ಮೇಲೆ. ಜಾಗ, ಕಟ್ಟಡ, ಯಂತ್ರ ಎಲ್ಲ ಸೇರುತ್ತದೆ, ಅದಕ್ಕೆ ಸಿಎ ಸರ್ಟಿಫಿಕೇಟ್ ಕೊಡಬೇಕು. ನಾವು ಮೊದಲ ದಿನದಿಂದಲೇ ರೋಸ್ಟರ್, ಡಕ್ಟ್, ಚಿಮಣಿ, ಕೂಲಿ ಅಂತ ಪ್ರತಿಯೊಂದರ ಬಿಲ್ಲನ್ನೂ ಬೇರೆ ಬೇರೆ ಇಟ್ಟಿದ್ದೆವು, ಹಾಗಾಗಿ ಸಿಎ ಹತ್ತಿರ ಆ ಕೆಲಸ ಬೇಗ ಮುಗಿಯಿತು.

ನಿಜವಾದ ಕೆಲಸ ಇರುವುದು ಚಿಮಣಿಯಲ್ಲಿ. ಜನರೇಟರ್‌ಗೆ ಸೂತ್ರ ಸುಲಭ: ಕಟ್ಟಡದ ಎತ್ತರಕ್ಕೆ ಕೆವಿಎಯ ವರ್ಗಮೂಲದ 0.2 ಪಟ್ಟು ಸೇರಿಸಿ. 62.5ರ ವರ್ಗಮೂಲ ಸುಮಾರು 7.9, ಅದರ 0.2 ಪಟ್ಟು ಅಂದರೆ 1.6 ಮೀಟರ್. ಶೆಡ್ 6 ಮೀಟರ್ ಇದ್ದರೆ ಒಟ್ಟು 7.6 ಆಯ್ತು, ನಾವು 8 ಮೀಟರ್ ಹಾಕಿಸಿದೆವು. ರೋಸ್ಟರ್ ಚಿಮಣಿ ಬೇರೆಯೇ. ಹುರಿಯುವಾಗ ಬೀಜದ ಸಿಪ್ಪೆ ಹಾರುತ್ತದಲ್ಲ, ಅದನ್ನು ಹಿಡಿಯಲು ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ಸಿಪ್ಪೆ ಬೇರೆ ಮಾಡುವ ಸಾಧನ) ಕೂರಿಸಿದೆವು. ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುತ್ತದೆ, ನಮ್ಮ ಈಶಾನ್ಯಕ್ಕೆ ಮನೆಗಳಿವೆ, ಆ ಮನೆಗಳ ಅಂಗಳದಲ್ಲಿ ಸಿಪ್ಪೆ ಬೀಳಬಾರದು ಅನ್ನುವುದು ನಮಗೆ ನಿಯಮಕ್ಕಿಂತ ಮುಖ್ಯವಾಗಿತ್ತು.

ಫ್ಯಾಬ್ರಿಕೇಷನ್‌ನವರಿಗೆ ಒಂದು ವಿಷಯ ಮೊದಲೇ ಹೇಳಿ. ಹೊಗೆಯ ಸ್ಯಾಂಪಲ್ ತೆಗೆಯಲು ಚಿಮಣಿಯಲ್ಲಿ ತೂತು ಬೇಕು, ಲ್ಯಾಬಿನವರು ಹತ್ತಿ ನಿಲ್ಲಲು ಏಣಿ, ಅಟ್ಟಣಿಗೆ ಬೇಕು. ತೂತು ಎಲ್ಲೋ ಒಂದು ಕಡೆ ಕೊರೆದರೆ ಆಗುವುದಿಲ್ಲ. ಬೆಂಡ್ ಆದ ಮೇಲೆ ಪೈಪಿನ ವ್ಯಾಸದ ಎಂಟು ಪಟ್ಟು ಮೇಲಕ್ಕೆ, ತುದಿಯಿಂದ ಎರಡು ಪಟ್ಟು ಕೆಳಕ್ಕೆ ಇರಬೇಕು. ಒಂದು ಅಡಿ ಪೈಪ್ ಆದರೆ ಬೆಂಡಿನಿಂದ ಎಂಟು ಅಡಿ ಮೇಲೆ. ನಿಲ್ಲಿಸಿದ ಚಿಮಣಿಗೆ ಆಮೇಲೆ ಏಣಿ ಬೆಸುಗೆ ಹಾಕಿಸುವುದು ಸುಮ್ನೆ ದುಡ್ಡು ದಂಡ, ಅಪಾಯವೂ ಜಾಸ್ತಿ.

ಅರ್ಜಿ ಬಂದ ನಾಲ್ಕು ತಿಂಗಳೊಳಗೆ ಮಂಡಳಿ ತೀರ್ಮಾನ ಹೇಳಬೇಕು ಅಂತ ಕಾಯ್ದೆಯಲ್ಲೇ ಇದೆ. ಆ ಲೆಕ್ಕ ಇಟ್ಟುಕೊಂಡೇ ಶೆಡ್ ಕೆಲಸದ ದಿನ ಗೊತ್ತುಮಾಡಿ.

ಸಿಎಫ್‌ಒ ಕೈಗೆ ಬಂದ ತಕ್ಷಣ ಅದರ ಷರತ್ತುಗಳನ್ನು ಕೂತು ಓದಿ, ಅವಧಿ ಮುಗಿಯುವ ದಿನ ಬರೆದಿಡಿ. ಇದರ ಜೊತೆಗೆ ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಫಾರ್ಮ್ 5ರಲ್ಲಿ ಪರಿಸರ ವರದಿ ಸಲ್ಲಿಸಬೇಕು, ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ಅದು.